ತೆಪ್ಪದ ಮೇಲೆ ಹೊತ್ತ ಹರಕೆ

1949ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಒಂದು ರಾತ್ರಿ, ಅಮೆರಿಕಾದ ಲಾಸ್ ಏಂಜಲೀಸ್ ನಗರದ ಒಂದು ಚಿಕ್ಕ ಮನೆಯಲ್ಲಿ, ಮೂವತ್ತೆರಡು ವರ್ಷದ ಗೃಹಸ್ಥನೊಬ್ಬ ತಾನು ಕೂಡಿಟ್ಟಿದ್ದ ಮದ್ಯದ ಸೀಸೆಗಳನ್ನೆಲ್ಲ ಎತ್ತಿ ತಂದು, ಒಂದೊಂದರ ಬಿರಡೆಯನ್ನೂ ತೆಗೆದು, ಅಡುಗೆಮನೆಯ ಮೋರಿಗೆ ಸುರಿದುಬಿಟ್ಟ. ಸಿಗರೇಟುಗಳೂ ಕಸದ ಪಾಲಾದುವು. ಆ ರಾತ್ರಿ ಆತ ನಿದ್ದೆ ಮಾಡಿದ. ನಾಲ್ಕು ವರ್ಷಗಳಿಂದ ಆತನನ್ನು ಕಾಡುತ್ತಿದ್ದ ದುಃಸ್ವಪ್ನ ಅಂದು ಬರಲಿಲ್ಲ. ಆಮೇಲೆ ಬದುಕಿದ್ದ ಅರುವತ್ತನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಬರಲಿಲ್ಲವೆಂದು ಆತ ಹೇಳುತ್ತಿದ್ದ. ಈ ಗೃಹಸ್ಥನ ಹೆಸರು ಲೂಯಿ ಜಾಂಪೆರಿನಿ. 1936ರ ಬರ್ಲಿನ್ ಒಲಿಂಪಿಕ್ ಕ್ರೀಡೆಗಳಲ್ಲಿ ಓಡಿದವನು.

ಒಂದೇ ರಾತ್ರಿಯಲ್ಲಿ ಕುಡಿತ ಬಿಟ್ಟವರ ಕಥೆಗಳು ಎಲ್ಲ ದೇಶಗಳಲ್ಲಿಯೂ ಉಂಟು. ಭಕ್ತರು ಅಂಥ ಕಥೆಯನ್ನು ಪವಾಡವೆಂದು ಕೊಂಡಾಡುತ್ತಾರೆ. ಸಂದೇಹಿಗಳು ಕೇಳಿ ನಗುತ್ತಾರೆ. ಇಬ್ಬರೂ ಆ ಒಂದು ರಾತ್ರಿಯನ್ನೇ ನೋಡುತ್ತಾರೆ, ಅದರ ಹಿಂದಿನ ವರ್ಷಗಳನ್ನು ನೋಡುವುದಿಲ್ಲ. ಜಾಂಪೆರಿನಿಯ ವಿಷಯದಲ್ಲಿ ಆ ವರ್ಷಗಳ ದಾಖಲೆ ನಮಗೆ ದೊರೆತಿರುವುದು ಒಂದು ಅನುಕೂಲ. ಆತನೇ 1956ರಲ್ಲಿ ಒಮ್ಮೆ, 2003ರಲ್ಲಿ ಮತ್ತೊಮ್ಮೆ ಆತ್ಮಕಥೆಯನ್ನು ಬರೆದ. ಲಾರಾ ಹಿಲೆನ್‌ಬ್ರಾಂಡ್ ಎಂಬ ಲೇಖಕಿ ಸೈನ್ಯದ ಕಡತಗಳನ್ನೂ ಜೊತೆಗಿದ್ದ ಸೆರೆಯಾಳುಗಳ ನೆನಪುಗಳನ್ನೂ ಜಾಲಾಡಿ 2010ರಲ್ಲಿ ಪ್ರಕಟಿಸಿದ ಗ್ರಂಥದಿಂದ ಆತನ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ಮನಸ್ಸಿನೊಳಗೆ ನಡೆದದ್ದಕ್ಕೆ ಮಾತ್ರ ಆತನ ಮಾತೇ ಸಾಕ್ಷಿ. ಇದನ್ನು ಓದುಗರು ನೆನಪಿನಲ್ಲಿಡಬೇಕು.

ಆತ ಹುಟ್ಟಿದ್ದು 1917ರ ಜನವರಿ 26ರಂದು, ನ್ಯೂಯಾರ್ಕ್ ಸಂಸ್ಥಾನದ ಓಲಿಯನ್ ಎಂಬ ಊರಿನಲ್ಲಿ. ತಂದೆತಾಯಿ ಇಟಲಿಯ ಮೂಲದವರು. ಮಗು ಚಿಕ್ಕದಾಗಿರುವಾಗಲೇ ಸಂಸಾರ ಕ್ಯಾಲಿಫೋರ್ನಿಯಾದ ಟಾರೆನ್ಸ್ ಎಂಬ ಊರಿಗೆ ಬಂದು ನೆಲೆಸಿತು. ಶಾಲೆಗೆ ಹೋದ ಹುಡುಗನಿಗೆ ಇಂಗ್ಲಿಷು ಸರಿಯಾಗಿ ಬಾರದು. ಸಹಪಾಠಿಗಳು ಹಾಸ್ಯ ಮಾಡಿದರು, ಹೊಡೆದರು. ತಂದೆ ಮುಷ್ಟಿಯುದ್ಧ ಕಲಿಸಿಕೊಟ್ಟ. ಪೆಟ್ಟು ತಿನ್ನುತ್ತಿದ್ದ ಹುಡುಗ ಪೆಟ್ಟು ಕೊಡುವವನಾದ. ಅಷ್ಟಕ್ಕೆ ನಿಂತಿದ್ದರೆ ಸರಿ. ಐದನೆಯ ವರ್ಷದಲ್ಲಿ ಸಿಗರೇಟು ಸೇದಲು ಕಲಿತೆನೆಂದೂ ಎಂಟನೆಯ ವರ್ಷದಲ್ಲಿ ಕುಡಿಯಲು ಕಲಿತೆನೆಂದೂ ಆತ ಹೇಳಿಕೊಂಡಿದ್ದಾನೆ. ನೆರೆಹೊರೆಯವರ ಅಡುಗೆಮನೆಗಳಿಂದ ತಿಂಡಿ ಕದಿಯುವುದು, ಕದ್ದು ಓಡುವುದು ದಿನದ ಕೆಲಸವಾಯಿತು. ಆ ಓಡುವ ಭಾಗವೊಂದು ಮುಂದೆ ಉಪಯೋಗಕ್ಕೆ ಬಂತು.

ಇದನ್ನು ಕಂಡವನು ಅಣ್ಣ ಪೀಟ್. ಪೀಟ್ ಹೈಸ್ಕೂಲಿನ ಹೆಸರಾಂತ ಓಟಗಾರ, ಮನೆಯ ಒಳ್ಳೆಯ ಮಗ. ತಮ್ಮನನ್ನು ಶಾಲೆಯ ಓಟದ ತಂಡಕ್ಕೆ ಸೇರಿಸಿದ. ತಾನು ಸೈಕಲ್ಲಿನ ಮೇಲೆ ಹಿಂದೆ ಹಿಂದೆ ಬರುತ್ತ, ಕೈಯಲ್ಲಿ ಒಂದು ಕೋಲು ಹಿಡಿದು ಬೆನ್ನಿಗೆ ತಟ್ಟುತ್ತ, ಮೈಲುಗಟ್ಟಲೆ ಓಡಿಸಿದ. ಮೊದಮೊದಲು ಹುಡುಗನಿಗೆ ಅಣ್ಣನ ಮೇಲೆ ಕೋಪ; ಆಮೇಲೆ ಓಟದ ರುಚಿ ಹತ್ತಿತು. ಗೆದ್ದಾಗ ಜನ ತನ್ನ ಹೆಸರು ಹಿಡಿದು ಕೂಗುವುದನ್ನು ಆತ ಕೇಳಿದ. ಅದುವರೆಗೆ ಆ ಹೆಸರನ್ನು ಜನ ಬೈಯುವುದಕ್ಕೆ ಮಾತ್ರ ಕೂಗಿದ್ದರು. ಸಿಗರೇಟು ಹೋಯಿತು, ಮದ್ಯ ಹೋಯಿತು. ಆತನ ಬಾಳಿನಲ್ಲಿ ಇದು ಮೊದಲನೆಯ ಬಿಡುಗಡೆ. ಇಲ್ಲಿ ದೇವರ ಮಾತಿಲ್ಲ, ಮತದ ಮಾತಿಲ್ಲ. ಅಣ್ಣನ ಹಟ, ಕಾಲಿನ ಶಕ್ತಿ, ಜನರ ಚಪ್ಪಾಳೆ, ಇಷ್ಟೇ. ಇಷ್ಟರಿಂದಲೇ ಒಬ್ಬ ಹುಡುಗ ಸರಿದಾರಿಗೆ ಬರಬಹುದೆಂಬುದು ಸಣ್ಣ ಸಂಗತಿಯಲ್ಲ. ಆದರೆ ಓಟ ನಿಂತ ದಿನ ಏನಾಗಬಹುದೆಂಬ ಪ್ರಶ್ನೆ ಆಗ ಯಾರಿಗೂ ಹೊಳೆದಿರಲಿಲ್ಲ.

1934ರಲ್ಲಿ ಲೂಯಿ ಒಂದು ಮೈಲನ್ನು 4 ನಿಮಿಷ 21.2 ಸೆಕೆಂಡುಗಳಲ್ಲಿ ಓಡಿ ಅಮೆರಿಕಾದ ಹೈಸ್ಕೂಲು ಹುಡುಗರ ದಾಖಲೆಯನ್ನು ಮುರಿದ. ಆ ದಾಖಲೆ ಸುಮಾರು ಎರಡು ದಶಕಗಳ ಕಾಲ ಉಳಿಯಿತು. ಎರಡು ವರ್ಷಗಳ ಅನಂತರ, ಇನ್ನೂ ಹತ್ತೊಂಬತ್ತರ ಹರೆಯದಲ್ಲಿ, 5000 ಮೀಟರ್ ಓಟಕ್ಕೆ ಆಯ್ಕೆಯಾಗಿ ಬರ್ಲಿನ್ನಿಗೆ ಹೋದ. ಅಲ್ಲಿ ಪದಕ ಬರಲಿಲ್ಲ. ಫಿನ್ಲೆಂಡಿನ ಹೊಕರ್ಟ್ ಗೆದ್ದ, ಜಾಂಪೆರಿನಿ ಎಂಟನೆಯವನಾದ. ಆದರೆ ಕೊನೆಯ ಸುತ್ತನ್ನು ಸುಮಾರು 56 ಸೆಕೆಂಡುಗಳಲ್ಲಿ ಓಡಿದ್ದು ಎಲ್ಲರ ಕಣ್ಣಿಗೆ ಬಿತ್ತು. ಹಿಟ್ಲರನೇ ಹುಡುಗನ ಕೈಕುಲುಕಿ ಆ ಕೊನೆಯ ಸುತ್ತನ್ನು ಮೆಚ್ಚಿದನಂತೆ. ಅಷ್ಟರಿಂದ ತೃಪ್ತನಾಗದೆ ಈತ ಬರ್ಲಿನ್ನಿನಲ್ಲಿ ಒಂದು ನಾಟ್ಸಿ ಬಾವುಟವನ್ನು ಕದ್ದು ತಂದ. ಹಳೆಯ ಚಾಳಿ ಪೂರ್ತಿ ಸತ್ತಿರಲಿಲ್ಲ.

ಆ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿ 1938ರಲ್ಲಿ ಮೈಲಿಗೆ 4 ನಿಮಿಷ 8.3 ಸೆಕೆಂಡುಗಳ ಕಾಲೇಜು ದಾಖಲೆಯನ್ನು ಸ್ಥಾಪಿಸಿದ. ಎದುರಾಳಿಗಳು ಮೊಳೆಬೂಟುಗಳಿಂದ ಕಾಲನ್ನು ತುಳಿದು ಗಾಯ ಮಾಡಿದ್ದರೂ ಓಡಿ ಗೆದ್ದ ಓಟ ಅದು. ಆತನ ಕಣ್ಣು ಮುಂದಿನ ಒಲಿಂಪಿಕ್ಸಿನ ಮೇಲಿತ್ತು. 1940ರ ಕ್ರೀಡೆಗಳು ನಡೆಯಬೇಕೆಂದು ಮೊದಲು ಗೊತ್ತಾಗಿದ್ದ ಸ್ಥಳ ಜಪಾನಿನ ಟೋಕಿಯೋ ನಗರ. ಜಪಾನು ಚೀನಾದೊಡನೆ ಯುದ್ಧದಲ್ಲಿ ತೊಡಗಿ ಕ್ರೀಡೆಗಳನ್ನು ಬಿಟ್ಟುಕೊಟ್ಟಿತು, ಅವು ಹೆಲ್ಸಿಂಕಿಗೆ ಹೋದುವು, ಅಲ್ಲಿಯೂ ಯುದ್ಧ ಬಂದು ನಿಂತುಹೋದುವು. ಟೋಕಿಯೋವಿಗೆ ಜಾಂಪೆರಿನಿ ಹೋದದ್ದು ನಿಜವೇ; ಆದರೆ ಓಟಗಾರನಾಗಿ ಅಲ್ಲ.

1941ರಲ್ಲಿ ಸೈನ್ಯವನ್ನು ಸೇರಿ ಬಾಂಬರು ವಿಮಾನದಲ್ಲಿ ಗುರಿನೋಡಿ ಬಾಂಬು ಹಾಕುವ ಅಧಿಕಾರಿಯಾದ. 1943ರ ಮೇ 27ರಂದು, ಕಾಣೆಯಾದ ಮತ್ತೊಂದು ವಿಮಾನವನ್ನು ಹುಡುಕಲು ಹೋಗಿದ್ದಾಗ ಆತನಿದ್ದ ವಿಮಾನವೇ ಕೆಟ್ಟು ಶಾಂತಸಾಗರಕ್ಕೆ ಬಿತ್ತು. ಹನ್ನೊಂದು ಮಂದಿಯಲ್ಲಿ ಉಳಿದವರು ಮೂವರು: ಜಾಂಪೆರಿನಿ, ವಿಮಾನ ನಡೆಸುತ್ತಿದ್ದ ರಸೆಲ್ ಫಿಲಿಪ್ಸ್, ಹಿಂಬದಿಯ ತೋಪಿನ ಫ್ರಾನ್ಸಿಸ್ ಮೆಕ್‌ನಮಾರ. ಗಾಳಿ ತುಂಬಿದ ರಬ್ಬರು ತೆಪ್ಪಗಳ ಮೇಲೆ ಅವರು ತೇಲಿದರು. ಇದ್ದದ್ದು ಕೆಲವು ಚಾಕೊಲೇಟು, ಕೆಲವು ಡಬ್ಬಿ ನೀರು. ಮಳೆ ಬಂದರೆ ನೀರು, ತೆಪ್ಪದ ಮೇಲೆ ಹಕ್ಕಿ ಕುಳಿತರೆ ಊಟ. ಸುತ್ತಲೂ ಶಾರ್ಕ್ ಮೀನುಗಳು ಬೆನ್ನು ಉಜ್ಜುತ್ತ ಈಜುತ್ತಿದ್ದುವು. ಒಮ್ಮೆ ಮೇಲೆ ವಿಮಾನ ಕಂಡು ಕೈಬೀಸಿದರೆ ಅದು ಜಪಾನೀಯರದಾಗಿ, ಗುಂಡಿನ ಮಳೆ ಕರೆದು ಹೋಯಿತು. ಮನುಷ್ಯರಿಗೆ ಗುಂಡು ತಗುಲಲಿಲ್ಲ, ತೆಪ್ಪ ತೂತಾಯಿತು. ಒಬ್ಬ ಗಾಳಿ ಹಾಕುತ್ತ, ಒಬ್ಬ ಶಾರ್ಕುಗಳನ್ನು ಹುಟ್ಟಿನಿಂದ ಓಡಿಸುತ್ತ, ಒಬ್ಬ ತೇಪೆ ಹಚ್ಚುತ್ತ ಅದನ್ನು ಉಳಿಸಿಕೊಂಡರು.

ಬುದ್ಧಿ ಕೆಡದಂತೆ ಅವರು ಕಂಡುಕೊಂಡ ಉಪಾಯ ವಿಚಿತ್ರವಾದದ್ದು. ಜಾಂಪೆರಿನಿ ದಿನವೂ ತನ್ನ ತಾಯಿಯ ಅಡುಗೆಯನ್ನು ಬಾಯಿಯಲ್ಲಿ ಮಾಡುತ್ತಿದ್ದ: ಹಿಟ್ಟು ಎಷ್ಟು, ಬೆಣ್ಣೆ ಎಷ್ಟು, ಯಾವುದು ಮೊದಲು, ಯಾವುದು ಆಮೇಲೆ. ಒಂದು ಹಂತ ಬಿಟ್ಟುಹೋದರೆ ಉಳಿದಿಬ್ಬರು ತಿದ್ದುತ್ತಿದ್ದರು. ಹಸಿದವರು ಅಡುಗೆಯ ಮಾತಾಡಿದರೆ ಹಸಿವು ಹೆಚ್ಚುತ್ತದೆಂದು ನಾವು ಭಾವಿಸುತ್ತೇವೆ. ಅವರಿಗೆ ಅದು ಊಟದಂತೆಯೇ ಆಯಿತು. ಮೂವತ್ತಮೂರನೆಯ ದಿನ ಮೆಕ್‌ನಮಾರ ತೀರಿಕೊಂಡ. ಉಳಿದಿಬ್ಬರು ಸುಮಾರು ಎರಡು ಸಾವಿರ ಮೈಲು ತೇಲಿ, ನಲವತ್ತೇಳನೆಯ ದಿನ ಮಾರ್ಷಲ್ ದ್ವೀಪಗಳ ಬಳಿ ಜಪಾನೀಯರ ಕೈಗೆ ಸಿಕ್ಕರು.

ಆ ದಿನಗಳಲ್ಲಿಯೇ ಒಮ್ಮೆ, ಬಹಳ ದಿನ ಮಳೆಯಿಲ್ಲದೆ ಬಾಯಿ ಒಣಗಿ ಪ್ರಾಣ ಹೋಗುವಂತಾಗಿದ್ದಾಗ, ಜಾಂಪೆರಿನಿ ಒಂದು ಹರಕೆ ಹೊತ್ತ: ದೇವರು ತನ್ನನ್ನು ಉಳಿಸಿದರೆ ಉಳಿದ ಬಾಳನ್ನೆಲ್ಲ ಆತನ ಸೇವೆಗೆ ಕೊಡುವೆನೆಂದು. ಮರುದಿನ ಮಳೆ ಬಂತು. ಸಂಕಟ ಬಂದಾಗ ವೆಂಕಟರಮಣ ಎಂಬ ನಮ್ಮ ಗಾದೆ ಶಾಂತಸಾಗರದ ನಡುವೆಯೂ ಸುಳ್ಳಾಗಲಿಲ್ಲ. ಗಾದೆಯ ಇನ್ನರ್ಧವೂ ನಿಜವಾಯಿತು. ಸಂಕಟ ಕಳೆದ ಮೇಲೆ ಹರಕೆ ಮರೆತೇಹೋಯಿತು.

ಸಂಕಟ ಅಲ್ಲಿಗೆ ಕಳೆಯಲಿಲ್ಲವೆನ್ನುವುದು ಬೇರೆ ಮಾತು. ಸೆರೆಯ ಎರಡು ವರ್ಷಗಳು ತೆಪ್ಪದ ನಲವತ್ತೇಳು ದಿನಗಳಿಗಿಂತ ಕ್ರೂರವಾಗಿದ್ದುವು. ಟೋಕಿಯೋ ನ್ಯಾಯಮಂಡಳಿಯ ಲೆಕ್ಕದಂತೆ, ಜರ್ಮನಿ ಇಟಲಿಗಳ ಸೆರೆಯಲ್ಲಿ ಮಿತ್ರರಾಷ್ಟ್ರಗಳ ಕೈದಿಗಳಲ್ಲಿ ಸತ್ತವರು ನೂರಕ್ಕೆ 4; ಜಪಾನಿನ ಸೆರೆಯಲ್ಲಿ ನೂರಕ್ಕೆ 27. ಕ್ವಾಜಲೀನ್ ದ್ವೀಪದ ಕತ್ತಲೆಕೋಣೆಯ ಗೋಡೆಯ ಮೇಲೆ, ತನಗಿಂತ ಮೊದಲು ಅಲ್ಲಿದ್ದು ಕೊಲ್ಲಲ್ಪಟ್ಟ ಒಂಬತ್ತು ಅಮೆರಿಕನ್ ಸೈನಿಕರ ಹೆಸರುಗಳನ್ನು ಆತ ಓದಿದ. ಅಲ್ಲಿಂದ ಜಪಾನಿನ ಓಫುನಾ, ಆಮೇಲೆ ಟೋಕಿಯೋ ಬಳಿಯ ಓಮೊರಿ. ಒಲಿಂಪಿಕ್ ಓಟಗಾರನೆಂಬ ಹೆಸರು ಇಲ್ಲಿ ಶಾಪವಾಯಿತು. ಟೋಕಿಯೋ ರೇಡಿಯೋದಲ್ಲಿ ಜಪಾನಿನ ಪರವಾಗಿ ಬರೆದ ಭಾಷಣವನ್ನು ಓದಿದರೆ ಸುಖವಾಗಿ ಇಡುತ್ತೇವೆಂದರು, ಆತ ಒಪ್ಪಲಿಲ್ಲ. ಓಮೊರಿಯ ಶಿಸ್ತಿನ ಅಧಿಕಾರಿ ಮುತ್ಸುಹಿರೊ ವಾತಾನಬೆ ಆತನನ್ನು ಆರಿಸಿಕೊಂಡು ಬಡಿಯುತ್ತಿದ್ದ, ದಿನವೂ, ಕಾರಣವಿಲ್ಲದೆ. ಸೆರೆಯಾಳುಗಳು ಅವನಿಗೆ ‘ಹಕ್ಕಿ’ ಎಂದು ಗುಟ್ಟಿನ ಹೆಸರಿಟ್ಟಿದ್ದರು. ಆತನಿಂದ ಪಾರಾಗಿ ಬಡಗಣ ಕರಾವಳಿಯ ನಾವೋಎತ್ಸು ಎಂಬ ಊರಿನ ಶಿಬಿರಕ್ಕೆ ವರ್ಗವಾದಾಗ, ಹಿಮದಲ್ಲಿ ಸಾಲಾಗಿ ನಿಂತ ಸೆರೆಯಾಳುಗಳ ಎದುರಿಗೆ ಬಾಗಿಲು ತೆರೆದು ಹೊರಗೆ ಬಂದವನು ಅದೇ ವಾತಾನಬೆ. ಜಾಂಪೆರಿನಿಯ ಕಾಲು ಕುಸಿಯಿತೆಂದು ಹೇಳುತ್ತಾರೆ. ಆ ಶಿಬಿರದಲ್ಲಿದ್ದ 300 ಆಸ್ಟ್ರೇಲಿಯನ್ನರಲ್ಲಿ 60 ಮಂದಿ ಸತ್ತಿದ್ದರು.

1945ರಲ್ಲಿ ಯುದ್ಧ ಮುಗಿದು ಆತ ಮನೆಗೆ ಬಂದ. ಸರ್ಕಾರ ಆತನನ್ನು 1944ರಲ್ಲಿಯೇ ಸತ್ತವನೆಂದು ಘೋಷಿಸಿತ್ತು. ಸತ್ತವನು ಎದ್ದು ಬಂದರೆ ಯಾವ ದೇಶದ ಪತ್ರಿಕೆಗಳು ಸುಮ್ಮನಿರುತ್ತವೆ? ಮೆರವಣಿಗೆ, ಔತಣ, ಭಾಷಣ. 1946ರಲ್ಲಿ ಟಾರೆನ್ಸಿನ ವಿಮಾನ ನಿಲ್ದಾಣಕ್ಕೆ ಆತನ ಹೆಸರಿಟ್ಟರು. ಅದೇ ವರ್ಷ ಸಿಂಥಿಯಾ ಆಪಲ್‌ವೈಟ್ ಎಂಬ ಚೆಲುವೆಯನ್ನು, ಪರಿಚಯವಾದ ಕೆಲವೇ ವಾರಗಳಲ್ಲಿ ಒಪ್ಪಿಸಿ, ಆಕೆಯ ತಂದೆತಾಯಿಗೆ ಇಷ್ಟವಿಲ್ಲದಿದ್ದರೂ ಮದುವೆಯಾದ. ಪ್ರತಿಯೊಂದು ಔತಣದಲ್ಲಿಯೂ ಆತನ ಮುಂದೆ ಒಂದು ಬಟ್ಟಲು. ಭಾಷಣಕ್ಕೆ ಮೊದಲು ಧೈರ್ಯಕ್ಕಾಗಿ ಒಂದು, ಭಾಷಣದ ಮೇಲೆ ಮರೆಯುವುದಕ್ಕಾಗಿ ಒಂದು. ಹೊರಗೆ ಎಲ್ಲರೂ ಕಥೆ ಕೇಳುವವರೇ. ಕಥೆ ಹೇಳಿದವನು ಮನೆಗೆ ಹೋಗಿ ಮಲಗಿದರೆ ಏನು ಕಾಣುತ್ತದೆಂದು ಕೇಳಿದವರಿಲ್ಲ. ಕಾಣುತ್ತಿದ್ದುದು ವಾತಾನಬೆ, ಕೈಯಲ್ಲಿ ಸೊಂಟಪಟ್ಟಿ ಹಿಡಿದು.

ಇಷ್ಟರಲ್ಲಿ ಆತನಿಗೆ ಹಳೆಯ ಔಷಧದ ನೆನಪಾಯಿತು. ಓಡಬೇಕು, 1948ರ ಲಂಡನ್ ಒಲಿಂಪಿಕ್ಸಿಗೆ ಹೋಗಬೇಕು. ಕುಡಿತ ಬಿಟ್ಟು ಅಭ್ಯಾಸಕ್ಕೆ ತೊಡಗಿದ. ಹೆಂಡತಿ ಗಡಿಯಾರ ಹಿಡಿದು ನಿಂತು ಹೊತ್ತು ನೋಡುತ್ತಿದ್ದಳು. ಮೊದಲ ಬಾರಿ ಬಿಡಿಸಿದ ಓಟ ಎರಡನೆಯ ಬಾರಿಯೂ ಬಿಡಿಸಬಹುದಾಗಿತ್ತು. ಆದರೆ ಸೆರೆಯಲ್ಲಿ ಪೆಟ್ಟಾಗಿದ್ದ ಕಾಲು ಒಂದು ದಿನ ಅಭ್ಯಾಸದ ನಡುವೆಯೇ ಸೋತುಹೋಯಿತು. ಅಲ್ಲಿಗೆ ಓಟ ಮುಗಿಯಿತು. ಕ್ರೀಡಾಪಟುವಿನ ಬಾಳಿನಲ್ಲಿ ಈ ದಿನ ಎಲ್ಲರಿಗೂ ಬರುವಂಥದೇ. ಮೂವತ್ತಕ್ಕೋ ಮೂವತ್ತೈದಕ್ಕೋ ಮೈ ಸಾಕೆನ್ನುತ್ತದೆ. ಆದರೆ ಅದುವರೆಗೆ ಮೈಯೊಂದನ್ನೇ ಊರುಗೋಲು ಮಾಡಿಕೊಂಡವನಿಗೆ ಆ ದಿನ ಬಹು ಕಠಿಣ. ಪೀಟ್ ಅಣ್ಣನ ಕೋಲು ಇನ್ನು ಬೆನ್ನಿಗೆ ತಟ್ಟಿ ಪ್ರಯೋಜನವಿರಲಿಲ್ಲ.

ಕುಡಿತ ಮತ್ತೆ ಬಂತು, ದುಪ್ಪಟ್ಟಾಗಿ ಬಂತು. ಹಣ ಹೂಡಿದ ವ್ಯವಹಾರಗಳು ಒಂದರ ಮೇಲೊಂದು ಮುಳುಗಿದುವು. ಆ ವ್ಯವಹಾರಗಳ ಹಿಂದೆ ಒಂದು ಉದ್ದೇಶವಿತ್ತು. ಅದನ್ನು ತಿಳಿಯದೆ ಆತನ ಕುಡಿತ ಅರ್ಥವಾಗುವುದಿಲ್ಲ. ಹಣ ಕೂಡಿಸಿ ಜಪಾನಿಗೆ ಹೋಗಬೇಕು, ವಾತಾನಬೆಯನ್ನು ಹುಡುಕಬೇಕು, ಕೈಯಾರ ಕೊಲ್ಲಬೇಕು. ಹಗಲೆಲ್ಲ ಈ ಯೋಚನೆ, ಇರುಳೆಲ್ಲ ಅದರ ಕನಸು. ಒಂದು ರಾತ್ರಿ ಕನಸಿನಲ್ಲಿ ವಾತಾನಬೆಯ ಕುತ್ತಿಗೆಯನ್ನು ಹಿಸುಕುತ್ತಿದ್ದಾಗ ಎಚ್ಚರವಾಗಿ ನೋಡಿದರೆ, ಕೈ ಹಿಡಿದಿದ್ದುದು ಹೆಂಡತಿಯ ಕುತ್ತಿಗೆಯನ್ನು. ಆಕೆ ಆಗ ಗರ್ಭಿಣಿ. 1949ರ ಆರಂಭದಲ್ಲಿ ಹೆಣ್ಣುಮಗು ಹುಟ್ಟಿತು. ಮಗು ಹುಟ್ಟಿದ ಮೇಲೂ ಸೀಸೆ ಕೆಳಗಿಳಿಯಲಿಲ್ಲ. ಆಕೆ ವಿಚ್ಛೇದನಕ್ಕೆ ತೀರ್ಮಾನಿಸಿದಳು.

ಹೀಗೆ ನೋಡಿದರೆ ಕುಡಿತವನ್ನು ಆತನ ಮೂಲರೋಗವೆನ್ನುವುದು ನನಗೆ ಸರಿಯಾಗಿ ಕಾಣುವುದಿಲ್ಲ. ಆತ ತನ್ನ ರೋಗಕ್ಕೆ ತಾನೇ ಗೊತ್ತುಮಾಡಿಕೊಂಡಿದ್ದ ಮದ್ದು ಅದು. ರೋಗದ ಹೆಸರು ಹಗೆ. ಇಂದಿನ ವೈದ್ಯರು ಇದಕ್ಕೆ ಬೇರೆ ಹೆಸರು ಕೊಡುತ್ತಾರೆ. ಯುದ್ಧ, ಅಪಘಾತ, ಹಿಂಸೆಗಳ ಆಘಾತದಿಂದ ಮನಸ್ಸಿನಲ್ಲಿ ಉಳಿದುಬಿಡುವ ಈ ವ್ಯಾಧಿ ಅಮೆರಿಕಾದ ಮನೋವೈದ್ಯರ ಅಧಿಕೃತ ಪಟ್ಟಿಗೆ ಈಗಿನ ಹೆಸರಿನಿಂದ ಸೇರಿದ್ದು 1980ರಲ್ಲಿ. 1949ರಲ್ಲಿ ಆತನಿಗೆ ಅದನ್ನು ಹೇಳುವವರಿರಲಿಲ್ಲ. ಹಾಗೆಂದು ಅದೇ ಕಷ್ಟವನ್ನುಂಡವರೆಲ್ಲ ಒಂದೇ ರೀತಿ ಆದರೆನ್ನುವಂತೆಯೂ ಇಲ್ಲ. ಅದೇ ತೆಪ್ಪದಲ್ಲಿದ್ದ, ಜಪಾನಿನ ಸೆರೆಯನ್ನೂ ಉಂಡ ಫಿಲಿಪ್ಸ್ ಪಾದ್ರಿಯೊಬ್ಬರ ಮಗ. ಊರಿಗೆ ಬಂದು ಮದುವೆಯಾಗಿ, ಇಂಡಿಯಾನಾ ಸಂಸ್ಥಾನದ ಒಂದು ಊರಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತ, ಆ ದಿನಗಳ ವಿಷಯವನ್ನು ಹೆಚ್ಚಾಗಿ ಎತ್ತದೆ, 1998ರಲ್ಲಿ ತೀರಿಕೊಂಡ. ಮೆರವಣಿಗೆಗೆ ಸಿಗದೆ ಉಳಿದದ್ದೇ ಆತನ ಪುಣ್ಯವಾಯಿತೋ ಏನೋ.

ದೇವರ ಹೆಸರಿನಲ್ಲಿ ಕುಡಿತ ಬಿಡಿಸುವ ಪ್ರಯತ್ನಗಳು ಅಮೆರಿಕಾದಲ್ಲಿ ಆಗ ಹೊಸತಾಗಿರಲಿಲ್ಲ. 1935ರಲ್ಲಿ ಓಹಾಯೋ ಸಂಸ್ಥಾನದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರುಪೇಟೆಯವನೂ ಬಾಬ್ ಸ್ಮಿತ್ ಎಂಬ ವೈದ್ಯನೂ, ಇಬ್ಬರೂ ಕುಡುಕರೇ, ಸೇರಿ ಹುಟ್ಟುಹಾಕಿದ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಇಂದು ಲೋಕದ ತುಂಬ ಹರಡಿದೆ. ಅದರ ಬೇರು ಒಂದು ಕ್ರೈಸ್ತ ಪ್ರಾರ್ಥನಾ ಕೂಟದಲ್ಲಿತ್ತು. ಆದರೆ ದೇವರನ್ನು ಯಾರು ಹೇಗೆ ಬೇಕಾದರೂ ಭಾವಿಸಬಹುದೆಂದು ಆ ಸಂಘದವರು ಬಾಗಿಲನ್ನು ಅಗಲವಾಗಿಟ್ಟರು. ಹೆಸರು ಹೇಳಿಕೊಳ್ಳಬಾರದೆಂಬುದು ಅವರ ಪದ್ಧತಿ. ಅದನ್ನು ಮೊದಲು ಬಹಿರಂಗವಾಗಿ ಮೀರಿದವರಲ್ಲೊಬ್ಬನೂ ಕ್ರೀಡಾಪಟುವೇ. ಕ್ಲೀವ್‌ಲೆಂಡ್ ಬೇಸ್‌ಬಾಲ್ ತಂಡದ ರಾಲಿ ಹೆಮ್ಸ್‌ಲಿ ತನ್ನ ಕುಡಿತದ ರಂಪದಿಂದ ತಂಡದಿಂದ ತಂಡಕ್ಕೆ ಎಸೆಯಲ್ಪಟ್ಟವನು. 1940ರ ಏಪ್ರಿಲಿನಲ್ಲಿ, ಬಾಬ್ ಫೆಲರ್ ಎದುರಾಳಿಗಳಿಗೆ ಒಂದು ಹೊಡೆತವನ್ನೂ ಬಿಟ್ಟುಕೊಡದ ಪ್ರಸಿದ್ಧ ಪಂದ್ಯದಲ್ಲಿ ಚೆಂಡು ಹಿಡಿದವನು ಈತ. ತಂಡ ಗೆದ್ದ ಒಂದೇ ಅಂಕವೂ ಈತನ ಹೊಡೆತದಿಂದಲೇ ಬಂತು. ಆ ಸಂತೋಷದ ದಿನಗಳಲ್ಲಿಯೇ ಆತ ಪತ್ರಿಕೆಯವರಿಗೆ ತನ್ನ ವರ್ಷದ ನಿಷ್ಠೆಯನ್ನೂ ಸಂಘದ ಹೆಸರನ್ನೂ ಹೇಳಿಬಿಟ್ಟ. ಹೆಮ್ಸ್‌ಲಿಯ ದಾರಿ ವಾರವಾರದ ಸಭೆಗಳ, ದಿನದಿನದ ಲೆಕ್ಕದ ದಾರಿ. ಬಹುಮಂದಿಗೆ ಒದಗುವುದು ಅದೇ. ಜಾಂಪೆರಿನಿಯಂಥವರು ವಿರಳ, ಆತನ ಕಥೆಯನ್ನು ಓದಿ, ತಮ್ಮ ಮನೆಯ ಕುಡುಕ ಒಂದು ರಾತ್ರಿಯಲ್ಲಿ ಬಿಡಲಿಲ್ಲವೆಂದು ಯಾರೂ ಆತನಲ್ಲಿ ಭಕ್ತಿಯಿಲ್ಲವೆಂದು ತಿಳಿಯಬಾರದು.

ಈಗ 1949ರ ಆ ಅಕ್ಟೋಬರಿಗೆ ಬರೋಣ. ಲಾಸ್ ಏಂಜಲೀಸಿನಲ್ಲಿ ವಾಷಿಂಗ್ಟನ್, ಹಿಲ್ ಬೀದಿಗಳು ಕೂಡುವಲ್ಲಿ ಒಂದು ದೊಡ್ಡ ಡೇರೆ ಎದ್ದಿತ್ತು. ಬಿಲಿ ಗ್ರಹಾಮ್ ಎಂಬ ಮೂವತ್ತು ವರ್ಷದ ಉಪದೇಶಕ ಅಲ್ಲಿ ದಿನವೂ ಪ್ರವಚನ ಮಾಡುತ್ತಿದ್ದ. ಮೂರು ವಾರಕ್ಕೆಂದು ತೊಡಗಿದ್ದು ಜನ ನೆರೆದು ಎಂಟು ವಾರ ನಡೆಯಿತು. ಮುಂದೆ ಆತ ಅಧ್ಯಕ್ಷರುಗಳ ಜೊತೆ ಊಟ ಮಾಡುವವನಾದ. ಆಗಿನ್ನೂ ಅಷ್ಟು ಹೆಸರಿರಲಿಲ್ಲ. ಸಿಂಥಿಯಾ ಮೊದಲು ಹೋಗಿ ಕೇಳಿ ಬಂದಳು. ಬಂದು ಗಂಡನಿಗೆ ಹೇಳಿದ್ದು, ವಿಚ್ಛೇದನ ಬೇಡವೆಂದು. ಈ ಕಥೆಯಲ್ಲಿ ಮೊದಲು ಬದಲಾದವಳು ಆಕೆ. ಉಪದೇಶಕನ ಹೆಸರು ಎಲ್ಲರಿಗೂ ನೆನಪಿದೆ. ಒಲ್ಲೆನೆನ್ನುವ ಗಂಡನನ್ನು ಹಲವು ದಿನ ಬೇಡಿ, ಜಗಳವಾಡಿ, ಡೇರೆಗೆ ಕರೆದೊಯ್ದವಳ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ.

ಮೊದಲ ರಾತ್ರಿ ಪಾಪದ ಮಾತು ಕೇಳಿ ಆತ ಸಿಟ್ಟಿನಿಂದ ಎದ್ದುಹೋದ. ನಾನೇನು ಪಾಪಿಯೇ ಎಂದು ಮನಸ್ಸು ಕುದಿಯಿತು. ಮರಳಿ ಹೋಗಲೊಪ್ಪಿದ್ದು ಪ್ರಾರ್ಥನೆಗೆ ಮುಂಚೆ ಹೊರಟುಬಿಡುವ ಕರಾರಿನ ಮೇಲೆ. ಎರಡನೆಯ ಬಾರಿಯೂ ಸಿಟ್ಟು ಬಂತು, ಹೆಂಡತಿಯ ಕೈಹಿಡಿದುಕೊಂಡು ಹೊರಟೂಬಿಟ್ಟ. ಸಾಲುಗಳ ನಡುವಿನ ಹಾದಿಗೆ ಬಂದಾಗ ತೆಪ್ಪ ನೆನಪಾಯಿತು. ಒಣಗಿದ ಬಾಯಿ, ಬಿಳಿಯ ಬಿಸಿಲು, ತಾನಾಡಿದ ಮಾತು: ಉಳಿಸಿದರೆ ಸೇವೆ ಮಾಡುತ್ತೇನೆ. ಉಳಿಸಿದ್ದಾಗಿತ್ತು. ಆರು ವರ್ಷಗಳ ಬಾಕಿ ಆ ಹಾದಿಯ ನಡುವೆ ಎದುರಿಗೆ ಬಂದು ನಿಂತಿತು. ಆತ ಹಿಂದಿರುಗಿ ವೇದಿಕೆಯ ಕಡೆಗೆ ನಡೆದ. ನಮ್ಮ ಹಳ್ಳಿಗಳಲ್ಲಿ, ಹೊತ್ತ ಹರಕೆಯನ್ನು ಮರೆತವನಿಗೆ ಮನೆಯಲ್ಲಿ ನೆಮ್ಮದಿಯಿರದೆಂದು ಹಿರಿಯರು ಹೇಳುವುದುಂಟು. ಹರಕೆಯ ಈ ಅರ್ಥ ನಮಗೆ ತಿಳಿದಷ್ಟು ಸುಲಭವಾಗಿ ಅಮೆರಿಕಾದ ಓದುಗರಿಗೆ ತಿಳಿಯಿತೋ ಇಲ್ಲವೋ ಕಾಣೆ. ಅವರು ಉಪದೇಶದ ಪ್ರಭಾವವನ್ನು ಹೆಚ್ಚು ಬರೆದಿದ್ದಾರೆ. ನನಗೆ ತೋರುವಂತೆ ಗ್ರಹಾಮನ ಮಾತು ಬಾಗಿಲು ತಟ್ಟಿತು, ತೆರೆದದ್ದು ತೆಪ್ಪದ ಮೇಲಿನ ಆ ಹಳೆಯ ಮಾತು.

ಅಲ್ಲಿಂದ ಮನೆಗೆ ಬಂದು ಆತ ಸೀಸೆಗಳನ್ನು ಬರಿದು ಮಾಡಿದ್ದನ್ನು ಆರಂಭದಲ್ಲಿಯೇ ಹೇಳಿದೆ. ಕುಡಿತ ಹೋದದ್ದು ಆ ರಾತ್ರಿ ನಡೆದದ್ದರಲ್ಲಿ ಚಿಕ್ಕ ಭಾಗ. ವಾತಾನಬೆಯನ್ನು ಕೊಲ್ಲಬೇಕೆಂಬ ಆಸೆಯೂ ಹೋಗಿತ್ತು. ಮೈಗೆ ಮದ್ಯ ಬೇಡವೆನಿಸಿದ್ದು, ಮರೆಯಬೇಕಾದದ್ದು ಯಾವುದೂ ಉಳಿಯದೆ ಇದ್ದದ್ದರಿಂದಲೇ ಇರಬೇಕು.

ಮಾತಿನಲ್ಲಿ ಕ್ಷಮಿಸುವುದು ಯಾರಿಗೂ ಕಷ್ಟವಲ್ಲ. ಮುಖ ನೋಡಿ ಕ್ಷಮಿಸಲು ಸಾಧ್ಯವೇ ಎಂಬುದನ್ನು ಆತ ಒಂದು ವರ್ಷದಲ್ಲಿಯೇ ಪರೀಕ್ಷೆ ಮಾಡಿದ. 1950ರ ಅಕ್ಟೋಬರಿನಲ್ಲಿ ಜಪಾನಿಗೆ ಹೋಗಿ, ಯುದ್ಧಾಪರಾಧಿಗಳನ್ನಿಟ್ಟಿದ್ದ ಟೋಕಿಯೋವಿನ ಸುಗಾಮೊ ಸೆರೆಮನೆಯಲ್ಲಿ ಕೈದಿಗಳೆದುರಿಗೆ ತನ್ನ ಕಥೆಯನ್ನು ಹೇಳಿದ. ಮಾತು ಮುಗಿದ ಮೇಲೆ, ತನ್ನನ್ನು ಕಾವಲು ಕಾದಿದ್ದವರು ಮುಂದೆ ಬರಬಹುದೆಂದಾಗ ಕೆಲವರು ಎದ್ದು ಬಂದರು. ಆತ ಓಡಿಹೋಗಿ ಅವರನ್ನು ತಬ್ಬಿಕೊಂಡ. ಬಂದವರಿಗೇ ದಿಗ್ಭ್ರಮೆ, ಒಬ್ಬಿಬ್ಬರು ಹಿಂದೆ ಸರಿದರಂತೆ. ಹೊಡೆದವನನ್ನು ಹೊಡೆಸಿಕೊಂಡವನು ಅಪ್ಪಿಕೊಂಡರೆ ಹೇಗೆ ನಿಲ್ಲಬೇಕೆಂದು ಯಾವ ಸೈನ್ಯದ ಕವಾಯತಿನಲ್ಲಿಯೂ ಕಲಿಸಿರುವುದಿಲ್ಲ.

ಆ ಗುಂಪಿನಲ್ಲಿ ವಾತಾನಬೆ ಇರಲಿಲ್ಲ. ಆತ ಆತ್ಮಹತ್ಯೆ ಮಾಡಿಕೊಂಡನೆಂದು ಅಲ್ಲಿ ಹೇಳಿದರು. ಅದು ಸುಳ್ಳು. ಸೇನಾಪತಿ ಮೆಕ್‌ಆರ್ಥರನ ನಲವತ್ತು ಮಂದಿ ಪ್ರಮುಖ ಯುದ್ಧಾಪರಾಧಿಗಳ ಪಟ್ಟಿಯಲ್ಲಿ ಹೆಸರಿದ್ದ ವಾತಾನಬೆ ಹೆಸರು ಬದಲಿಸಿಕೊಂಡು ತಲೆಮರೆಸಿಕೊಂಡಿದ್ದ. 1952ರಲ್ಲಿ ಅಮೆರಿಕಾದ ಆಡಳಿತ ಮುಗಿದು, ಹಳೆಯ ಅಪರಾಧಗಳ ಬೆನ್ನು ಹತ್ತುವುದು ನಿಂತ ಮೇಲೆ ಹೊರಗೆ ಬಂದು, ವಿಮೆಯ ವ್ಯವಹಾರದಲ್ಲಿ ಚೆನ್ನಾಗಿ ಸಂಪಾದಿಸಿ ಸುಖವಾಗಿದ್ದ. ನಾವೋಎತ್ಸುವಿನ ಇತರ ಎಂಟು ಕಾವಲುಗಾರರು ಅಷ್ಟರಲ್ಲಿ ಗಲ್ಲಿಗೇರಿದ್ದರು.

ಜಾಂಪೆರಿನಿ ಮುಂದೆ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ದಾರಿತಪ್ಪಿದ ಹುಡುಗರಿಗಾಗಿ ಒಂದು ಶಿಬಿರ ನಡೆಸಿದ. ಕದ್ದು ಓಡುವ ಹುಡುಗರ ಮನಸ್ಸು ಆತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರನ್ನು ಬೆಟ್ಟ ಹತ್ತಿಸಿದ, ಹಿಮದ ಮೇಲೆ ಜಾರಿಸಿದ, ರಾತ್ರಿ ಬೆಂಕಿಯ ಸುತ್ತ ಕೂಡಿಸಿ ತನ್ನ ಕಥೆ ಹೇಳಿದ. ಮೊದಲು ಮೈ ದಣಿಯಬೇಕು, ಆಮೇಲೆ ಮಾತು. ಪೀಟ್ ಅಣ್ಣನ ಪಾಠ ಮತ್ತು ಡೇರೆಯ ಪಾಠ, ಎರಡನ್ನೂ ಆತ ಒಂದೇ ಕಡೆ ಉಪಯೋಗಿಸಿದ. ಸಿಂಥಿಯಾಳೊಡನೆ ಆಕೆ ಸಾಯುವವರೆಗೆ ಸಂಸಾರ ಮಾಡಿದ. ಕುಡಿತ ತಿರುಗಿ ಬರಲಿಲ್ಲ.

1998ರಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ಜಪಾನಿನ ನಾಗಾನೊದಲ್ಲಿ ನಡೆದುವು. ಒಲಿಂಪಿಕ್ ಜ್ಯೋತಿಯನ್ನು ಹಿಡಿದು ಸ್ವಲ್ಪ ದೂರ ಓಡಲು ಜಾಂಪೆರಿನಿಗೆ ಆಹ್ವಾನ ಬಂತು, ಬೇರೆಲ್ಲಿಯೂ ಅಲ್ಲ, ನಾವೋಎತ್ಸುವಿನಲ್ಲಿ. ಆ ವೇಳೆಗೆ ಊರು ಪಕ್ಕದ ಊರಿನೊಡನೆ ಸೇರಿ ಜೋಎತ್ಸು ಎಂಬ ನಗರವಾಗಿತ್ತು. ಶಿಬಿರವಿದ್ದ ಜಾಗದಲ್ಲಿ 1995ರಿಂದ ಒಂದು ಶಾಂತಿವನವಿತ್ತು. ಅಮೆರಿಕಾದ ದೂರದರ್ಶನ ಸಂಸ್ಥೆಯೊಂದು ಅಷ್ಟರಲ್ಲಿ ವಾತಾನಬೆಯನ್ನು ಹುಡುಕಿ ಮಾತಾಡಿಸಿತ್ತು. ಸೆರೆಯಾಳುಗಳನ್ನು ಹಾಗೆ ನಡೆಸಿಕೊಳ್ಳಲು ತನಗೆ ಮೇಲಿನವರ ಆಜ್ಞೆಯೇನಿರಲಿಲ್ಲ, ತನ್ನ ಮನಸ್ಸಿಗೆ ಬಂದಂತೆ ಅವರನ್ನು ಶತ್ರುಗಳೆಂದೇ ಕಂಡೆನೆಂದು ಆತ ಹೇಳಿದ. ಜಾಂಪೆರಿನಿಯನ್ನು ಕಾಣಲು ಒಪ್ಪಲಿಲ್ಲ.

ಜಾಂಪೆರಿನಿ ಆತನಿಗಾಗಿ ಒಂದು ಕಾಗದ ಬರೆದು ತಂದಿದ್ದ. ಹಗೆ ಹೋಗಿ ಪ್ರೀತಿ ಬಂದಿದೆ, ನಿನ್ನನ್ನು ಕ್ಷಮಿಸಿದ್ದೇನೆ ಎಂಬುದು ಅದರ ಸಾರ. ಅದಕ್ಕೆ ಉತ್ತರ ಬರಲೇ ಇಲ್ಲ. ವಾತಾನಬೆ 2003ರಲ್ಲಿ ತೀರಿಕೊಂಡ. ಜಾಂಪೆರಿನಿ 2014ರ ಜುಲೈ 2ರಂದು, ತೊಂಬತ್ತೇಳನೆಯ ವಯಸ್ಸಿನಲ್ಲಿ.

ಆದರೆ 1998ರ ಜನವರಿಯ ಆ ದಿನ, ಎಂಬತ್ತೊಂದನೆಯ ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮುಂಚೆ, ಹಿಂದೊಮ್ಮೆ ಹಿಮದಲ್ಲಿ ಸಾಲಾಗಿ ನಿಂತಿದ್ದ ಊರಿನಲ್ಲಿ ಮುದುಕ ಕೈಯಲ್ಲಿ ಜ್ಯೋತಿ ಹಿಡಿದು ನಿಧಾನವಾಗಿ ಓಡಿದ. ಬೀದಿಯ ಎರಡು ಕಡೆಯೂ ಜಪಾನೀ ಜನ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆತ ನಗುತ್ತಿದ್ದ.